ಹಳದಿ ಜ್ವರದ ಚುಚ್ಚುಮದ್ದು, ಕಾಮಾಲೆಯ ಪಥ್ಯ

ಪಥ್ಯ ಹೇಳದ ಡಾಕ್ಟರನ್ನು ನಮ್ಮ ಕಡೆಯವರು ಪೂರ್ತಿಯಾಗಿ ನಂಬುವುದಿಲ್ಲ. ಮದ್ದು ಕೊಟ್ಟು, ಎಲ್ಲವನ್ನೂ ತಿನ್ನಬಹುದು ಎಂದು ಕಳಿಸುವ ಡಾಕ್ಟರು ಎಷ್ಟೇ ದೊಡ್ಡ ಓದು ಓದಿರಲಿ, ಅವರ ಕೋಣೆಯಿಂದ ಹೊರಗೆ ಬರುವಾಗ ಮನಸ್ಸಿಗೆ ಏನೋ ಕಡಿಮೆಯಾದ ಹಾಗೆ ಆಗುತ್ತದೆ. ಬದನೆ ಬೇಡ, ಬಂಗುಡೆ ಬೇಡ, ಸಿಗಡಿಯ ಸುದ್ದಿಗೇ ಹೋಗಬೇಡ ಎಂದರೆ ನಮ್ಮ ಕಾಯಿಲೆಗೂ ಒಂದು ಮರ್ಯಾದೆ ಸಿಕ್ಕಿತು ಎಂದು ಸಮಾಧಾನ. ನಮ್ಮ ಬೀದಿಯಲ್ಲಿ ಒಬ್ಬರು ಮೊಣಕಾಲು ನೋವಿಗೆಂದು ಇಬ್ಬರು ಡಾಕ್ಟರನ್ನು ನೋಡಿ, ಇಬ್ಬರೂ ಪಥ್ಯ ಹೇಳದೆ ಇದ್ದುದರಿಂದ ಬೇಸರಗೊಂಡು, ಕೊನೆಗೆ ತಾವೇ ಮಟ್ಟುಗುಳ್ಳ ಬದನೆ ತಿನ್ನುವುದನ್ನು ಬಿಟ್ಟರು. ನೋವು ಹೋಗಲಿಲ್ಲ, ಆದರೆ ನೋವಿನ ಬಗ್ಗೆ ಹೇಳಿಕೊಳ್ಳುವಾಗ ಅವರ ಧ್ವನಿಗೆ ಹಿಂದೆ ಇಲ್ಲದ ತೂಕ ಬಂತು. ಇಂಥವರನ್ನು ಕಂಡರೆ ನನಗೆ ನಗು. ಗುಳ್ಳಕ್ಕೂ ಮೊಣಕಾಲಿಗೂ ಏನು ಸಂಬಂಧ ಎಂದು ನನ್ನ ಅಂಗಡಿಯಲ್ಲಿ ಕುಳಿತು ಬಹಳ ಸಲ ಭಾಷಣ ಮಾಡಿದ್ದೇನೆ. ಅಂಥ ಮಾತಿಗೆ ಅಂಗಡಿ ಒಳ್ಳೆಯ ಜಾಗ, ಅಲ್ಲಿ ಹೆಂಡತಿ ಇರುವುದಿಲ್ಲ.

ಅಂಗಡಿ ಎಂದರೆ ಕಾಪು ಪೇಟೆಯಲ್ಲಿ ಕೊಡೆ, ಚಪ್ಪಲಿ, ರೈನ್‌ಕೋಟುಗಳ ಒಂದು ಸಣ್ಣ ಅಂಗಡಿ. ನನ್ನ ಹಿರಿಯರು ಕಡಲಿಗೆ ಹೋಗಿ ಬದುಕಿದವರು. ನಾನು ಕಡಲಿನ ನೀರಿಗೆ ಹೆದರಿ ಮಳೆಯ ನೀರನ್ನು ನಂಬಿಕೊಂಡೆ. ಕಾಪುವಿನಿಂದ ಕಾರ್ಕಳದ ಹತ್ತಿರದ ಕುಕ್ಕುಂದೂರಿಗೆ, ಹೆಂಡತಿಯ ತವರಿಗೆ ಹೋಗಿ ಬರುವುದನ್ನೇ ದೊಡ್ಡ ಪ್ರಯಾಣ ಎಂದುಕೊಂಡಿದ್ದ ನನಗೆ ಒಂದು ಸಂಜೆ ಆಫ್ರಿಕಾದಿಂದ ಫೋನು ಬಂತು. ಮಾಡಿದವಳು ನನ್ನ ಅಕ್ಕನ ಮಗಳು ಅಶ್ವಿತಾ. ಅವಳ ಗಂಡನಿಗೆ ಯುಗಾಂಡದ ಕಂಪಾಲದಲ್ಲಿ ಕೆಲಸ. ಅವರ ಮಗಳಿಗೆ ಕಿವಿ ಚುಚ್ಚಬೇಕು, ಮಾಮ ಬಾರದೆ ಚುಚ್ಚಿಸುವುದಿಲ್ಲ ಎಂದು ಅವಳ ಹಟ. ನಮ್ಮದು ಅಳಿಯಸಂತಾನದ ಮನೆ. ಇಂಥ ಕೆಲಸಕ್ಕೆ ಮಗುವನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಅಶ್ವಿತಾಳಿಗೆ ಅಣ್ಣತಮ್ಮಂದಿರಿಲ್ಲ. ಅಕ್ಕ ತೀರಿಕೊಂಡು ವರ್ಷಗಳಾದವು. ಹಾಗಾಗಿ ತಾಯಿಯ ಸೋದರಮಾವನ ತೊಡೆಯೇ ಮಗಳಿಗೂ ಆಗಬೇಕು. ಟಿಕೆಟ್ ನಾವು ಮಾಡುತ್ತೇವೆ, ನೀವು ಬಂದು ಕೂತರೆ ಸಾಕು ಎಂದಳು. ಆಮೇಲೆ, "ಅಮ್ಮನ ಕಡೆಯಿಂದ ಅಂತ ನನಗೆ ಇರುವುದು ನೀವೊಬ್ಬರೇ ಅಲ್ವಾ ಮಾಮ" ಎಂದಳು. ಅದನ್ನು ಕೇಳಿದ ಮೇಲೆ ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ನನ್ನ ಹೆಂಡತಿ ಸುಮತಿ ಮಾತ್ರ ತಾನು ಬರುವುದಿಲ್ಲ ಎಂದು ಅವತ್ತೇ ಹೇಳಿಬಿಟ್ಟಳು. ಹೆದರಿಕೆಯಾದರೆ ಇಳಿದು ನಡೆದುಕೊಂಡು ಹೋಗಲು ಆಗದ ವಾಹನವನ್ನು ಅವಳು ಹತ್ತುವುದಿಲ್ಲ.

ನನ್ನ ಅಂಗಡಿಗೆ ತಾಗಿಕೊಂಡು ಹಮೀದಾಕನ ಟಿಕೆಟ್ ಬುಕಿಂಗ್ ಅಂಗಡಿ. ಹಮೀದಾಕ ಸೌದಿಯ ದಮಾಮಿನಲ್ಲಿ ಬಹಳ ವರ್ಷ ದುಡಿದು ಬಂದವರು. ಪರದೇಶಕ್ಕೆ ಹೊರಟವರಿಗೆ ಟಿಕೆಟಿನ ಜೊತೆ ಬುದ್ಧಿವಾದವನ್ನೂ ಕೊಡುತ್ತಾರೆ, ಅದಕ್ಕೆ ಬೇರೆ ಚಾರ್ಜು ಇಲ್ಲ. ಯುಗಾಂಡ ಎಂದ ಕೂಡಲೇ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶೇಖರಣ್ಣ, ಟಿಕೆಟ್ ದೊಡ್ಡ ವಿಷಯ ಅಲ್ಲ. ಹಳದಿ ಜ್ವರದ ಇಂಜೆಕ್ಷನ್ ಅಂತ ಉಂಟು, ಅದು ಆಗಬೇಕು. ಇಲ್ಲದಿದ್ದರೆ ಅಲ್ಲಿಯವರು ಒಳಗೆ ಬಿಡುವುದಿಲ್ಲ. ಹೇಗಾದರೂ ಒಳಗೆ ಹೋದಿರಿ ಅಂತ ಇಟ್ಟುಕೊಳ್ಳಿ, ವಾಪಸು ಬರುವಾಗ ನಮ್ಮವರೇ ಹಿಡಿದು ಕೂರಿಸುತ್ತಾರೆ" ಎಂದರು. ಅದನ್ನು ಹೊರಡುವುದಕ್ಕೆ ಹತ್ತು ದಿನ ಮೊದಲೇ ಚುಚ್ಚಿಸಿಕೊಂಡಿರಬೇಕಂತೆ. ಚುಚ್ಚಿದವರು ಹಳದಿ ಬಣ್ಣದ ಒಂದು ಪುಟ್ಟ ಕಾರ್ಡು ಕೊಡುತ್ತಾರೆ, ಅದನ್ನು ಪಾಸ್‌ಪೋರ್ಟಿನ ಜೊತೆ ಕೈಯಲ್ಲೇ ಇಟ್ಟುಕೊಳ್ಳಬೇಕು. ಪಡುಬಿದ್ರಿಯ ಯಾರೋ ಒಬ್ಬರು ಕಾರ್ಡು ಭದ್ರವಾಗಿರಲಿ ಎಂದು ಸೂಟ್‌ಕೇಸಿನ ತಳದಲ್ಲಿ, ಹಲಸಿನ ಹಪ್ಪಳದ ಕಟ್ಟಿನ ಅಡಿಯಲ್ಲಿ ಇಟ್ಟು, ಪರದೇಶದ ವಿಮಾನ ನಿಲ್ದಾಣದಲ್ಲಿ ಸೂಟ್‌ಕೇಸು ಬರುವ ತನಕ ನಿಂತಲ್ಲೇ ಬೆವತು ಹೋದರಂತೆ. ಆ ಕಥೆ ಕೇಳಿ ನಾನೂ ಸ್ವಲ್ಪ ಬೆವತೆ. ಆದರೆ ನನ್ನ ಬೆವರಿಗೆ ಕಾರಣ ಕಾರ್ಡು ಅಲ್ಲ, ಸೂಜಿ.

ಮಣಿಪಾಲದ ಆಸ್ಪತ್ರೆಗೆ ಹೋಗುವಾಗ ನಮ್ಮ ಊರಿನವರು ಕಾಯಿಲೆಗೆ ಹೋಗುತ್ತಿದ್ದೇವೆ ಎಂಬುದನ್ನು ಮರೆತು ಮದುವೆಗೆ ಹೊರಟ ಹಾಗೆ ಹೊರಡುತ್ತಾರೆ. ನಾನೂ ಬೀರುವಿನಲ್ಲಿದ್ದ ಉದ್ದ ತೋಳಿನ ಶರಟನ್ನು ಇಸ್ತ್ರಿ ಮಾಡಿ ಹಾಕಿಕೊಂಡು ಸುಮತಿಯ ಜೊತೆ ಹೊರಟೆ. ಒಂದು ಸೀಸೆ ಒಡೆದರೆ ಹಲವರಿಗೆ ಕೊಟ್ಟು ಮುಗಿಸಬೇಕಾದ ಮದ್ದು ಅದು, ಹಾಗಾಗಿ ಗೊತ್ತುಮಾಡಿದ ದಿನ ಎಲ್ಲರನ್ನೂ ಒಟ್ಟಿಗೆ ಕರೆಯುತ್ತಾರೆ. ಅವತ್ತು ನಮ್ಮ ಜೊತೆಗೆ ಹಡಗಿನ ಕೆಲಸಕ್ಕೆ ಹೊರಟ ಕೆಲವು ತರುಣರಿದ್ದರು. ಅವರೆಲ್ಲ ಅರ್ಧ ತೋಳಿನ ಟೀ ಶರಟು ಹಾಕಿಕೊಂಡು ಬಂದಿದ್ದರು, ತೋಳು ಕೊಟ್ಟರು, ಮೊಬೈಲಿನಿಂದ ಕಣ್ಣೆತ್ತದೆ ಎದ್ದು ಹೋದರು. ನನ್ನ ಸರದಿ ಬಂದಾಗ ಶರಟಿನ ತೋಳು ಮೊಣಕೈಯಿಂದ ಮೇಲೆ ಏರಲಿಲ್ಲ. ಇಸ್ತ್ರಿಯ ಗಂಜಿ ಅಷ್ಟು ಗಟ್ಟಿಯಾಗಿತ್ತು. ಶರಟನ್ನೇ ಬಿಚ್ಚಬೇಕಾಯಿತು. ಒಳಗಿದ್ದ ಬನಿಯನಿಗೆ ಭುಜದ ಹತ್ತಿರ ಹೆಬ್ಬೆರಳು ಹೋಗುವಷ್ಟು ತೂತು. ಹೊರಡುವಾಗ ಹೊಸ ಬನಿಯನ್ ಹಾಕಿಕೊಳ್ಳಿ ಎಂದು ಸುಮತಿ ಹೇಳಿದ್ದಳು, ಒಳಗಿನದನ್ನು ಯಾರು ನೋಡುತ್ತಾರೆ ಎಂದು ನಾನು ಹೇಳಿದ್ದೆ. ಈಗ ಡಾಕ್ಟರು, ನರ್ಸು, ಹಡಗಿನ ತರುಣರು ಎಲ್ಲರೂ ನೋಡಿದರು. ಸುಮತಿ ಗೋಡೆಯ ಮೇಲಿನ ಸೊಳ್ಳೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ಓದತೊಡಗಿದಳು. ಆ ನಾಚಿಕೆಯಲ್ಲಿ ನನಗೆ ಸೂಜಿಯ ಹೆದರಿಕೆಯೇ ಮರೆತುಹೋಯಿತು. ಎಡ ತೋಳಿಗೆ ಹಳದಿ ಜ್ವರದ್ದು, ಬಲ ತೋಳಿಗೆ ಟೈಫಾಯ್ಡಿನದು. ಸೊಳ್ಳೆಯಿಂದ ಬರುವ ಮಲೇರಿಯಾಕ್ಕೆ ಬೇರೆ ಮಾತ್ರೆ ಬರೆದುಕೊಟ್ಟರು.

ಡಾಕ್ಟರು ಎಳೆಯ ವಯಸ್ಸಿನ ಹೆಣ್ಣುಮಗಳು, ತಾಳ್ಮೆ ಇದ್ದವರು. ಚುಚ್ಚುವ ಮೊದಲೇ ಮೊಟ್ಟೆ ತಿಂದರೆ ಮೈ ಉಬ್ಬುತ್ತದೆಯೇ, ಬೇರೆ ಕಾಯಿಲೆ ಏನಾದರೂ ಇದೆಯೇ, ಯಾವ ಮಾತ್ರೆ ನುಂಗುತ್ತೀರಿ ಎಂದು ನನ್ನನ್ನು ಕೇಳಿದ್ದರು. ಎಲ್ಲದಕ್ಕೂ ಸುಮತಿಯೇ ಉತ್ತರ ಕೊಟ್ಟಿದ್ದಳು. ಕೊನೆಗೆ ಅವಳು ತನ್ನದೊಂದು ಪ್ರಶ್ನೆ ಕೇಳಿದಳು, "ಪಥ್ಯ ಎಂತ ಡಾಕ್ಟ್ರೇ?" ಪಥ್ಯ ಏನೂ ಇಲ್ಲ, ದಿನಾ ತಿನ್ನುವುದನ್ನೇ ತಿನ್ನಲಿ ಎಂದರು. ಹಾಗಾದರೆ ಹತ್ತು ದಿನ ಯಾಕೆ ಕಾಯುವುದು ಎಂದು ಸುಮತಿ ಬಿಡಲಿಲ್ಲ. ಮದ್ದು ಮೈಯಲ್ಲಿ ಕೆಲಸ ಮಾಡಿ ಶಕ್ತಿ ಬರಲು ಅಷ್ಟು ದಿನ ಬೇಕು, ಅಲ್ಲಿಯವರೆಗೆ ಕಾರ್ಡಿಗೆ ಬೆಲೆ ಇಲ್ಲ ಎಂದು ಡಾಕ್ಟರು ವಿವರಿಸಿದರು. ಆ ಜ್ವರ ಬಂದರೆ ಏನಾಗುತ್ತದೆ ಎಂದು ಇವಳು ಕೇಳಿದಳು. ಜೋರಾದರೆ ಯಕೃತ್ತಿಗೆ ತಾಗುತ್ತದೆ, ಕಣ್ಣು ಮೈ ಹಳದಿಯಾಗುತ್ತದೆ, ಅದಕ್ಕೇ ಆ ಹೆಸರು ಎಂದು ಅವರು ಹೇಳಿದರು. ಹೇಳಬಾರದಿತ್ತು. ವಾಪಸು ಬರುವಾಗ ಬಸ್ಸು ಉಡುಪಿ ದಾಟಿ ಕಟಪಾಡಿಯ ಹತ್ತಿರ ಬಂದಾಗ ಸುಮತಿ ತೀರ್ಪು ಕೊಟ್ಟಳು. ಕಣ್ಣು ಹಳದಿಯಾಗುವುದೆಂದರೆ ಕಾಮಾಲೆ. ಆ ಡಾಕ್ಟರು ಎಲ್ಲಿಯವರೋ, ಅವರಿಗೆ ಮದ್ದು ಗೊತ್ತುಂಟು, ಪಥ್ಯ ಗೊತ್ತಿಲ್ಲ. ಹತ್ತು ದಿನ ಮದ್ದು ಮೈಯಲ್ಲಿ ಕೆಲಸ ಮಾಡುವಾಗ ಅದರ ಮೇಲೆ ಬಂಗುಡೆ ಹಾಕಿದರೆ ಕಾರ್ಡಿಗೆ ಬೆಲೆ ಬರುವುದು ಹೇಗೆ?

ಮನೆಗೆ ಬಂದು ಕುಕ್ಕುಂದೂರಿಗೆ ಫೋನು ಹೋಯಿತು. ನನ್ನ ಅತ್ತೆ ಕಾಮಾಲೆಯ ವಿಷಯದಲ್ಲಿ ನಮ್ಮ ಕುಟುಂಬದ ಹೈಕೋರ್ಟು. ಅವರು ಮಗಳ ತೀರ್ಪನ್ನು ಎತ್ತಿಹಿಡಿದದ್ದಲ್ಲದೆ ಶಿಕ್ಷೆಯನ್ನು ಜಾಸ್ತಿ ಮಾಡಿದರು. ಮೀನು ಇಲ್ಲ, ಎಣ್ಣೆ ಇಲ್ಲ, ಖಾರ ಇಲ್ಲ, ಒಗ್ಗರಣೆಯ ವಾಸನೆ ಕೂಡ ಬೇಡ. ಕುಚ್ಚಲಕ್ಕಿ ಗಂಜಿ, ನೀರು ಮಜ್ಜಿಗೆ, ಬೆಳಿಗ್ಗೆ ಬರೀ ಹೊಟ್ಟೆಗೆ ನೆಲನೆಲ್ಲಿ ಅರೆದ ಹಾಲು. ನನಗೆ ಕಾಮಾಲೆ ಬಂದಿಲ್ಲ, ಬಾರದ ಹಾಗೆ ಚುಚ್ಚಿದ್ದಾರೆ ಎಂದು ನಾನು ವಾದ ಮಾಡಿದೆ. ಬಂದ ಮೇಲೆ ಮಾಡುವ ಪಥ್ಯಕ್ಕಿಂತ ಬಾರದ ಹಾಗೆ ಮಾಡುವ ಪಥ್ಯ ಒಳ್ಳೆಯದಲ್ಲವೇ ಎಂದು ಸುಮತಿ ಕೇಳಿದಳು.

ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ಬೋಟುಗಳು ಕಡಲಿಗೆ ಇಳಿದ ಸಮಯ ಅದು. ಎರಡು ತಿಂಗಳು ಒಣಮೀನು ತಿಂದು ಕಳೆದ ಊರಿಗೆ ಹಸಿ ಬಂಗುಡೆ ಬಂದಿತ್ತು. ಮಧ್ಯಾಹ್ನ ಅಂಗಡಿಯಿಂದ ಮನೆಗೆ ನಡೆದು ಬರುವಾಗ ಪ್ರತಿ ಮನೆಯ ಕಿಟಕಿಯಿಂದ ಒಂದೊಂದು ಬಗೆಯ ಪರಿಮಳ. ಯಾರ ಮನೆಯಲ್ಲಿ ಹುಳಿ ಖಾರದ ಪುಳಿಮುಂಚಿ ಸಾರು, ಯಾರ ಮನೆಯಲ್ಲಿ ಕಾವಲಿಯ ಮೇಲೆ ಹುರಿಯುವುದು, ಯಾರು ತೆಂಗಿನೆಣ್ಣೆಯನ್ನು ಧಾರಾಳವಾಗಿ ಬಳಸುತ್ತಾರೆ ಎಂದು ಆ ದಿನಗಳಲ್ಲಿ ನಾನು ಕಣ್ಣು ಮುಚ್ಚಿ ಹೇಳಬಲ್ಲವನಾಗಿದ್ದೆ. ಮನೆಗೆ ಬಂದರೆ ಗಂಜಿ. ಮೂರನೆಯ ದಿನ ನಾನು ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ದೂಡಿದೆ. ಇದು ಮೂಢನಂಬಿಕೆ, ಓದಿದ ಡಾಕ್ಟರು ಹೇಳಿದ ಮೇಲೂ ಇದೆಂಥ ಹಟ ಎಂದು ಕೂಗಾಡಿದೆ. ಸುಮತಿ ಕೋಪ ಮಾಡಿಕೊಳ್ಳಲಿಲ್ಲ. ಚೆಲ್ಲಿದ ಮಜ್ಜಿಗೆಯನ್ನು ಒರೆಸುತ್ತಾ, "ಅಪ್ಪನಿಗೆ ಜ್ವರ ಬಿಟ್ಟಿತ್ತು. ಕಣ್ಣೂ ಬೆಳ್ಳಗಾಗಿತ್ತು. ಇನ್ನೆಂತ ಪಥ್ಯ ಅಂತ ಕೋಳಿ ಸಾರು ಉಂಡರು" ಎಂದಳು. ಅಷ್ಟೇ ಹೇಳಿದಳು. ಅವಳ ಅಪ್ಪ ಅವಳು ಶಾಲೆಗೆ ಹೋಗುವಾಗಲೇ ಕಾಮಾಲೆಯಲ್ಲಿ ತೀರಿಕೊಂಡದ್ದು ನನಗೆ ಗೊತ್ತಿತ್ತು. ಅವರನ್ನು ಕೊಂದದ್ದು ಕೋಳಿ ಸಾರು ಎಂದು ಯಾವ ಡಾಕ್ಟರೂ ಹೇಳಲಾರರು. ಆದರೆ ಆ ಮನೆಯಲ್ಲಿ ತಾಯಿ ಮಗಳು ಇಬ್ಬರೂ ಇಷ್ಟು ವರ್ಷ ಹಾಗೆಯೇ ನಂಬಿ ಬದುಕಿದ್ದಾರೆ. ನನಗೆ ಬಹಳ ಕೆಟ್ಟದೆನಿಸಿತು. ತಟ್ಟೆಯನ್ನು ಹತ್ತಿರ ಎಳೆದುಕೊಂಡು ಉಳಿದ ಗಂಜಿಯನ್ನು ಕುಡಿದೆ.

ಕೆಟ್ಟದೆನಿಸಿತು ಎಂದು ಆಸೆ ಹೋಗುತ್ತದೆಯೇ? ಎರಡು ದಿನ ಬಿಟ್ಟು ಅಂಗಡಿಗೆ ಸಾಮಾನು ತರುವ ನೆವದಲ್ಲಿ ಉಡುಪಿಗೆ ಹೋದೆ. ಬಸ್‌ ನಿಲ್ದಾಣದಿಂದ ಕಾಲುಗಳು ತಾವಾಗಿಯೇ ಒಂದು ಮೀನೂಟದ ಹೋಟೆಲಿಗೆ ನಡೆದವು. ಊಟಕ್ಕೂ, ಒಂದು ಅಂಜಲ್ ಫ್ರೈಗೂ ಹೇಳಿ ಕೈ ತೊಳೆದು ಕುಳಿತೆ. ಮೀನು ಬಂತು. ಮಸಾಲೆಯ ಮೇಲೆ ಎಣ್ಣೆ ಇನ್ನೂ ಚಿಟಚಿಟ ಎನ್ನುತ್ತಿತ್ತು. ಕೈ ಹಾಕಬೇಕು ಎನ್ನುವಾಗ ನನ್ನ ತಲೆಯಲ್ಲಿ ಯುಗಾಂಡದ ವಿಮಾನ ನಿಲ್ದಾಣ ಬಂದು ನಿಂತಿತು. ಒಬ್ಬ ಅಧಿಕಾರಿ ನನ್ನ ಕಾರ್ಡು ನೋಡಿ, ಕಣ್ಣು ನೋಡಿ, ಅಂಜಲ್ ತಿಂದಿದ್ದೀರಲ್ಲ ಎಂದು ಕೇಳುತ್ತಿದ್ದಾನೆ. ಹೊರಗೆ ಅಶ್ವಿತಾ ಮಗುವನ್ನು ಎತ್ತಿಕೊಂಡು ಕಾಯುತ್ತಿದ್ದಾಳೆ. ಛೇ, ಎಂಥ ಹುಚ್ಚು ಎಂದು ನನ್ನನ್ನೇ ಬೈದುಕೊಂಡು, ಧೈರ್ಯಕ್ಕೆ ಇರಲಿ ಎಂದು ಮಣಿಪಾಲಕ್ಕೆ ಫೋನು ಹಚ್ಚಿದೆ. ನರ್ಸು ಎತ್ತಿಕೊಂಡರು. ಮೀನು ತಿನ್ನಬಹುದೇ ಎಂದು ಕೇಳಿದೆ, ತಿನ್ನಬಹುದು ಎಂದರು. ಹುರಿದದ್ದು ಕೂಡವೇ ಎಂದು ಕೇಳಿದೆ, ಅದೂ ಆಗಬಹುದು ಎಂದರು. ಖಂಡಿತವೇ ಎಂದು ಇನ್ನೊಮ್ಮೆ ಕೇಳಿದಾಗ ಅವರಿಗೆ ಸಂಶಯ ಬಂದು, ಬೇಡ ಎಂದು ಹೇಳಿದವರು ಯಾರು ಎಂದು ವಿಚಾರಿಸಿದರು. ಮನೆಯಲ್ಲಿ ಎಂದೆ. "ಹಾಗಾದ್ರೆ ಮನೆಯಲ್ಲಿ ಹೇಳಿದ ಹಾಗೆ ಮಾಡಿ. ಬಿಟ್ಟರೆ ನಷ್ಟ ಎಂತ ಇಲ್ಲ ಅಲ್ವಾ" ಎಂದು ಇಟ್ಟುಬಿಟ್ಟರು. ಅವರದೂ ಕಾರ್ಕಳದ ಕಡೆಯೇ ಇರಬೇಕು.

ನಾನು ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡೆ. ಮೀನು ಇದ್ದ ಹಾಗೆಯೇ ಇತ್ತು. ಬಡಿಸುವವನು ಬಂದು ತಾಜಾ ಇಲ್ಲವೇ ಎಂದು ಕೇಳಿದ, ಬೇರೆ ತಂದುಕೊಡುತ್ತೇನೆ ಎಂದ. ತಾಜಾ ಉಂಟು ಮಾರಾಯ, ನಾನೇ ಸರಿ ಇಲ್ಲ ಎಂದು ಹೇಳಿ ಹೊರಗೆ ಬಂದೆ. ಅಂಗಡಿಯಲ್ಲಿ ಕುಳಿತು ಪಥ್ಯದ ಮೇಲೆ ಭಾಷಣ ಬಿಗಿದವನು ಹುರಿದ ಮೀನಿನ ಎದುರಿನಿಂದ ಎದ್ದು ಬಂದದ್ದನ್ನು ಹಮೀದಾಕನಿಗೆ ಮಾತ್ರ ಹೇಳಿದೆ. ಅವರು ನಗಲಿಲ್ಲ. ಮುಂಬಯಿಗೆ ಗಲ್ಫ್ ಕೆಲಸದ ಮೆಡಿಕಲ್ ಪರೀಕ್ಷೆಗೆ ಹೋಗುವ ಮೊದಲು ತಮ್ಮ ಉಮ್ಮ ತಮಗೆ ಒಂದು ವಾರ ಬಿಸಿನೀರು ಬಿಟ್ಟು ಬೇರೆ ನೀರು ಕೊಟ್ಟಿರಲಿಲ್ಲ, ಅದರಿಂದಲೇ ಎಕ್ಸ್‌ರೇ ಶುದ್ಧವಾಗಿ ಬಂತು ಎಂದು ಅವರು ಇವತ್ತಿಗೂ ನಂಬಿದ್ದಾರೆ.

ಮರುದಿನ ಮೈ ಬಿಸಿಯಾಯಿತು. ಕೈಕಾಲು ಸೆಳೆತ, ತಲೆ ಭಾರ. ಕೆಲವರಿಗೆ ಹೀಗೆ ಆಗುತ್ತದೆ, ಹೆದರಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಆ ಮಾತು ನೆನಪಾಗುವ ಮೊದಲೇ ಸುಮತಿ ನನ್ನನ್ನು ಬಾಗಿಲಿನ ಬೆಳಕಿಗೆ ಎಳೆದುಕೊಂಡು ಹೋಗಿ ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದಳು. ಉಡುಪಿಯಲ್ಲಿ ಏನಾದರೂ ತಿಂದಿರಾ ಎಂದು ಕೇಳಿದಳು. ಇಲ್ಲ ಎಂದೆ. ಅಪರೂಪಕ್ಕೆ ಅದು ನಿಜವೂ ಆಗಿತ್ತು, ಆದರೂ ನನ್ನ ಮುಖ ಕಳ್ಳನ ಹಾಗೆ ಆಗಿರಬೇಕು, ಅವಳು ಪೂರ್ತಿ ನಂಬಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅತ್ತೆ ಕುಕ್ಕುಂದೂರಿನಿಂದ ಬಸ್ಸು ಬದಲಿಸಿಕೊಂಡು ಬಂದಿಳಿದರು, ಒದ್ದೆ ಬಟ್ಟೆಯಲ್ಲಿ ಸುತ್ತಿದ ನೆಲನೆಲ್ಲಿಯ ಕಟ್ಟಿನೊಂದಿಗೆ. ಅವರೂ ರೆಪ್ಪೆ ಬಿಡಿಸಿದರು, ಉಗುರು ಒತ್ತಿ ನೋಡಿದರು, ನಾಲಿಗೆ ಚಾಚಿಸಿದರು. ನಾನು ಐವತ್ತು ದಾಟಿದವನು, ಅವರ ಎದುರು ನಾಲಿಗೆ ಚಾಚಿ ನಿಂತಿದ್ದೆ. "ಹಳದಿ ಇಲ್ಲ. ಮದ್ದು ಹಿಡಿಯಿತು. ಇನ್ನು ನಾಲ್ಕು ದಿನ ಬಾಯಿ ಕಟ್ಟಿ ಕೂತುಕೊಳ್ಳಿ, ಹುಡುಗಿ ಅಲ್ಲಿ ಕಾಯುತ್ತಿದ್ದಾಳೆ" ಎಂದು ಹೇಳಿ ಸಂಜೆಯ ಬಸ್ಸಿಗೆ ಹೊರಟರು. ಮಾರನೆಯ ದಿನ ಜ್ವರ ಬಿಟ್ಟಿತು. ಸುಮತಿ ಆ ದಿನ ಮೊದಲ ಸಲ ನಕ್ಕಳು. ಪಥ್ಯದಿಂದ ಜ್ವರ ಬಿಟ್ಟಿತು ಎಂದು ಅವಳು ಹೇಳಿದಾಗ ನಾನು ಹೌದು ಎಂದೆ. ಹೇಳುವಾಗ ಅರ್ಧ ನಂಬಿಯೂ ಇದ್ದೆ.

ಹತ್ತು ದಿನ ಮುಗಿದ ಮರುದಿನ ಮನೆಗೆ ಬಂಗುಡೆ ಬಂತು. ಸುಮತಿ ಪುಳಿಮುಂಚಿ ಮಾಡಿ, ಜೊತೆಗೆ ನಾಲ್ಕು ಹುರಿದೂ ಇಟ್ಟಳು. ನಾನು ಎಷ್ಟು ಉಂಡೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ಮಂಗಳೂರಿನಿಂದ ಮುಂಬಯಿ, ಮುಂಬಯಿಯಿಂದ ಯುಗಾಂಡ. ಕಾರ್ಡನ್ನು ಶರಟಿನ ಕಿಸೆಯಲ್ಲಿ ಎದೆಗೆ ಒತ್ತಿಕೊಂಡೇ ಹೋದೆ. ಅಲ್ಲಿಯ ಅಧಿಕಾರಿಣಿ ಅದನ್ನು ತೆರೆದು ದಿನಾಂಕ ನೋಡಿ, ನನ್ನ ಕಣ್ಣನ್ನಾಗಲಿ ನಾಲಿಗೆಯನ್ನಾಗಲಿ ನೋಡದೆ, ಮುಂದೆ ಹೋಗಿ ಎಂದು ಕೈ ತೋರಿಸಿದರು. ಹೊರಗೆ ಅಶ್ವಿತಾ ನಿಂತಿದ್ದಳು. ಅಕ್ಕನದೇ ನಿಲುವು, ಅಕ್ಕನದೇ ನಗು. ನನಗೆ ಅಳು ಬಂತು, ಅಳಲು ನಾಚಿಕೆಯೂ ಆಗಲಿಲ್ಲ.

ಕಿವಿ ಚುಚ್ಚುವ ಕೆಲಸ ಚೆನ್ನಾಗಿ ನಡೆಯಿತು. ಮಗು ನನ್ನ ತೊಡೆಯ ಮೇಲೆ ಕುಳಿತು, ಒಂದು ಕಿವಿಗೆ ಒಂದು ಸಲ, ಇನ್ನೊಂದು ಕಿವಿಗೆ ಇನ್ನೊಂದು ಸಲ ಕಿರುಚಿ, ಕೊನೆಗೆ ನನ್ನ ಶರಟಿನ ಗುಂಡಿಯನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾಯಿತು. ಊಟಕ್ಕೆ ಆ ಊರಿನಲ್ಲಿರುವ ನಮ್ಮ ಕಡೆಯವರು ಕೆಲವರು ಬಂದಿದ್ದರು. ಅಶ್ವಿತಾ ಅಲ್ಲಿಯ ಕೆರೆಯ ಮೀನಿಗೆ ಊರಿನ ಮಸಾಲೆ ಹಚ್ಚಿ ಹುರಿದಿದ್ದಳು. ಮೀನಿನ ಎದುರು ಕುಳಿತ ಮೇಲೆ ನನ್ನ ಹತ್ತು ದಿನಗಳ ಕಥೆ ಹೇಳದೆ ಇರಲು ಆಗುತ್ತದೆಯೇ? ಹೇಳಿದೆ. ಗಂಜಿ, ಮಜ್ಜಿಗೆ, ಊರಿಗೆಲ್ಲ ಬಂಗುಡೆ ಬಂದಾಗ ನನಗೊಬ್ಬನಿಗೆ ನೆಲನೆಲ್ಲಿ ಎಂದು ಚೆನ್ನಾಗಿ ಬಣ್ಣ ಕಟ್ಟಿದೆ. ಉಡುಪಿಯ ಅಂಜಲನ್ನು ಬಿಟ್ಟು ಎದ್ದು ಬಂದದ್ದನ್ನು ಹೆದರಿಕೆ ಎನ್ನದೆ ಮನೋನಿಗ್ರಹ ಎಂದು ಹೇಳಿದೆ. ಕೇಳಿದವರು ಲೊಚಗುಟ್ಟಿದರು. ಅಕ್ಕನ ಮಗಳಿಗಾಗಿ ಇಷ್ಟು ಮಾಡುವವರು ಈಗ ಯಾರಿದ್ದಾರೆ ಎಂದು ಒಬ್ಬರು ಹೇಳಿದಾಗ ನನಗೂ ಹಾಗೆಯೇ ಅನ್ನಿಸಿತು.

ಅದೇ ಹೊತ್ತಿಗೆ ಸುಮತಿಯ ವಿಡಿಯೋ ಕಾಲ್ ಬಂತು. ಅಶ್ವಿತಾ ಫೋನನ್ನು ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದಳು. ಸುಮತಿ ಮಗುವಿನ ಕಿವಿ ನೋಡಿದಳು, ರಕ್ತ ಬಂತಾ ಎಂದು ಕೇಳಿದಳು, ಕೊಬ್ಬರಿ ಎಣ್ಣೆ ಹಚ್ಚಲು ಹೇಳಿದಳು. ಆಮೇಲೆ ಅಶ್ವಿತಾ ನಗುತ್ತಾ, "ಮಾಮಿ, ಮಾಮ ಹತ್ತು ದಿನ ಮೀನು ಬಿಟ್ಟರಂತೆ, ಪಾಪ. ನೀವಾದರೂ ಚೆನ್ನಾಗಿ ತಿಂದಿರಾ?" ಎಂದು ಕೇಳಿದಳು.

"ನಾನೆಲ್ಲಿ ತಿನ್ನುವುದು? ಒಬ್ಬರಿಗೆ ಪಥ್ಯ ಇರುವಾಗ ಎದುರು ಕೂತು ತಿನ್ನಲಿಕ್ಕೆ ಆಗ್ತದಾ? ಆಮೇಲೆ ಇವರಿಗೆ ಮಾಡಿ ಬಡಿಸಿದೆ, ನಾನು ಮಾತ್ರ ಇವರು ಹೋಗಿ ಮುಟ್ಟಿ, ಮಗುವಿನ ಕೆಲಸ ಮುಗಿಯುವವರೆಗೆ ಇರಲಿ ಅಂತ ಹಾಗೇ ಬಿಟ್ಟೆ. ಇವತ್ತು ಮುಗಿಯಿತಲ್ಲ, ಈಗ ಬಂಗುಡೆ ತಂದಿದ್ದೇನೆ" ಎಂದಳು ಸುಮತಿ. ದೊಡ್ಡ ವಿಷಯ ಹೇಳಿದ ಹಾಗೆ ಹೇಳಲಿಲ್ಲ, ಬಟ್ಟೆ ಒಣಗಿತು ಎಂದು ಹೇಳಿದ ಹಾಗೆ ಹೇಳಿದಳು. ಒಲೆಯ ಮೇಲೆ ಕಾವಲಿ ಇದೆ, ಕರಟುತ್ತದೆ ಎಂದು ಫೋನು ಇಟ್ಟಳು.

ಮೇಜಿನ ಸುತ್ತ ಕುಳಿತವರು ಮತ್ತೆ ಲೊಚಗುಟ್ಟಿದರು, ಈ ಸಲ ನನ್ನ ಕಡೆ ನೋಡದೆ. ನಾನು ತಲೆ ತಗ್ಗಿಸಿ ಆ ಹತ್ತು ದಿನಗಳನ್ನು ಒಂದೊಂದಾಗಿ ನೆನಪು ಮಾಡಿಕೊಂಡೆ. ಬೀದಿಯ ಪ್ರತಿಯೊಂದು ಮನೆಯ ಅಡುಗೆ ನೆನಪಾಯಿತು, ಉಡುಪಿಯ ಅಂಜಲ್ ಅದರ ಮಸಾಲೆಯ ಸಮೇತ ನೆನಪಾಯಿತು. ದಿನಾ ಮಧ್ಯಾಹ್ನ ನನ್ನ ಎದುರಿಗೇ ಇದ್ದ ಸುಮತಿಯ ತಟ್ಟೆಯಲ್ಲಿ ಏನಿತ್ತು ಎಂಬುದು ಮಾತ್ರ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.